ಗೋಲ್‌ಕೀಪರ್‌ನ ಬಿಡುವನ್ನು ಜನವರಿಯಲ್ಲೇ ನಿರ್ಧರಿಸಬೇಕು

ಮಾನ್ಯ ಸಂಪಾದಕರೆ,

2025ರ ಇಂಗ್ಲೆಂಡ್ ಪ್ರವಾಸದ ಐದು ಟೆಸ್ಟ್‌ಗಳ ಪೈಕಿ ಮೂರರಲ್ಲಿ ಮಾತ್ರ ಜಸ್‌ಪ್ರೀತ್ ಬುಮ್ರಾ ಅವರನ್ನು ಆಡಿಸಿದಾಗ, ಪ್ರಮುಖ ಆಟಗಾರನಿಗೆ ಎಷ್ಟು ಬಿಡುವು ಕೊಡಬೇಕೆಂದು ನಮ್ಮ ನಾಡಿನಲ್ಲಿ ಎದ್ದಂಥ ಚರ್ಚೆ, ನಾನು ನೆಲೆಸಿರುವ ಕೆನಡಾದ ವಿನ್ನಿಪೆಗ್‌ನಲ್ಲಿ ಐಸ್ ಹಾಕಿಯ ಗೋಲ್‌ಕೀಪರ್ ವಿಷಯದಲ್ಲಿ ಪ್ಲೇಆಫ್ (ಲೀಗ್ ಹಂತದ ನಂತರದ ನಾಕೌಟ್ ಸುತ್ತುಗಳು) ಹತ್ತಿರವಾದಾಗಲೆಲ್ಲ ಏಳುತ್ತದೆ.

ಇಲ್ಲಿನ ಜೆಟ್ಸ್ ತಂಡದ ಗೋಲ್‌ಕೀಪರ್ ಕಾನರ್ ಹೆಲೆಬಕ್, ಉತ್ತರ ಅಮೆರಿಕದ ಐಸ್ ಹಾಕಿ ಲೀಗ್ ಆದ ಎನ್‌ಎಚ್‌ಎಲ್‌ನ 2024–25ರ ಲೀಗ್ ಹಂತದ 82 ಪಂದ್ಯಗಳಲ್ಲಿ 63ರಲ್ಲಿ ಆಡಿ, 47 ಗೆಲುವು ತಂದುಕೊಟ್ಟು, ಲೀಗ್‌ನ ಅತ್ಯಮೂಲ್ಯ ಆಟಗಾರನಿಗೆ ಸಲ್ಲುವ ಹಾರ್ಟ್ ಟ್ರೋಫಿಯನ್ನೂ ಪಡೆದರು. ಅದೇ ಹೆಲೆಬಕ್ ಅವರನ್ನು ಪ್ಲೇಆಫ್‌ನ ಮೊದಲ ಸುತ್ತಿನಲ್ಲಿ, ಎದುರಾಳಿ ತಂಡದ ಊರಾದ ಸೇಂಟ್ ಲೂಯಿಸ್‌ನಲ್ಲಿ ನಡೆದ ಮೂರೂ ಪಂದ್ಯಗಳಲ್ಲಿ ನಡುವೆಯೇ ಹೊರಕ್ಕೆ ಕರೆಯಬೇಕಾಯಿತು. ಇದಕ್ಕೆ ದಣಿವೊಂದೇ ಕಾರಣವೆಂದು ನಾನು ಹೇಳಲಾರೆ. ಎದುರಾಳಿಗಳು ಅವರ ಮುಂದೆ ನಿಂತು ಪಕ್ (ಈ ಆಟದಲ್ಲಿ ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಕಾಣದಂತೆ ಮಾಡಿದ್ದೂ ನಿಜ. ಆದರೆ ಗಂಟೆಗೆ 150 ಕಿ.ಮೀ. ವೇಗವನ್ನೂ ದಾಟಬಲ್ಲ ಪಕ್‌ಗಾಗಿ ಮೊಣಕಾಲೂರಿ ಬೀಳುವುದು, ಮರುಕ್ಷಣವೇ ಎದ್ದು ಪಕ್ಕಕ್ಕೆ ಜಾರುವುದು, ಮತ್ತೆ ಬೀಳುವುದು, ಹೀಗೆ ಆರು ತಿಂಗಳು ಸೊಂಟ ಮತ್ತು ತೊಡೆಸಂದಿಯ ಸ್ನಾಯುಗಳನ್ನು ದುಡಿಸಿದವರ ಕಣ್ಣಿಗೂ ಕಾಲಿಗೂ ಅದರ ಭಾರ ತಟ್ಟದೆ ಇರುವುದಿಲ್ಲ.

ಗೋಲ್‌ಕೀಪರ್ ಜೊನಾಥನ್ ಕ್ವಿಕ್ 2011–12ರಲ್ಲಿ 69 ಪಂದ್ಯ ಆಡಿಯೂ ಲಾಸ್ ಏಂಜಲೀಸ್ ಕಿಂಗ್ಸ್‌ಗೆ ಪ್ಲೇಆಫ್ ವಿಜೇತರಿಗೆ ಸಲ್ಲುವ ಸ್ಟಾನ್ಲಿ ಕಪ್ ಗೆದ್ದುಕೊಟ್ಟರಲ್ಲ ಎಂದು ಕೆಲವರು ವಾದಿಸುತ್ತಾರೆ. ಆ ಮಾತನ್ನು ಒಪ್ಪುತ್ತೇನೆ. ಆದ್ದರಿಂದಲೇ ಪಂದ್ಯಗಳ ಒಟ್ಟು ಲೆಕ್ಕಕ್ಕಿಂತ ಅವುಗಳ ನಡುವಿನ ಅಂತರ ಮುಖ್ಯವೆಂದು ನನಗೆ ತೋರುತ್ತದೆ. ರಾತ್ರಿ ಒಂದೂರಿನಲ್ಲಿ ಆಡಿ, ವಿಮಾನ ಹತ್ತಿ, ಮರುದಿನ ಇನ್ನೊಂದೂರಿನಲ್ಲಿ ಆಡುವ ಜೋಡಿ ಪಂದ್ಯಗಳೆರಡರಲ್ಲೂ ಒಬ್ಬರನ್ನೇ ನಿಲ್ಲಿಸಬಾರದು. ಪಂದ್ಯದ ದಿನದ ಬೆಳಗಿನ ಅಭ್ಯಾಸದಲ್ಲಿ ತಡೆಯುವ ಹೊಡೆತಗಳನ್ನೂ ದುಡಿಮೆಯ ಲೆಕ್ಕಕ್ಕೆ ಸೇರಿಸಬೇಕು.

ಇದಕ್ಕಿಂತಲೂ ಹೆಚ್ಚಾಗಿ ನಾನು ಹೇಳಬಯಸುವುದು ಎರಡನೆಯ ಗೋಲ್‌ಕೀಪರ್ ಬಗ್ಗೆ. 1995–96ರಲ್ಲಿ ಗೋಲ್‌ಕೀಪರ್ ಗ್ರಾಂಟ್ ಫ್ಯೂರ್ ಸೇಂಟ್ ಲೂಯಿಸ್ ಪರ 79 ಪಂದ್ಯ ಆಡಿ ದಾಖಲೆ ಬರೆದರು. ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ ಎದುರಾಳಿಯೊಬ್ಬರು ಮೇಲೆ ಬಿದ್ದು ಮೊಣಕಾಲಿಗೆ ಪೆಟ್ಟಾಗಿ ಹೊರಬಿದ್ದರು. ಅದು ದಣಿವಿನ ಫಲವಲ್ಲ, ಆದರೆ ಋತುವಿಡೀ ಒಬ್ಬರನ್ನೇ ನೆಚ್ಚಿದ ತಂಡಕ್ಕೆ ಅಂಥ ಗಳಿಗೆಯಲ್ಲಿ ಪಳಗಿದ ಇನ್ನೊಂದು ಕೈ ಎಲ್ಲಿಂದ ಬರಬೇಕು? ವಾಷಿಂಗ್ಟನ್ ತಂಡ 2018ರಲ್ಲಿ ಮೊದಲ ಗೋಲ್‌ಕೀಪರ್ ಬ್ರೇಡನ್ ಹೋಲ್ಟ್‌ಬಿ ಲಯ ಕಳೆದುಕೊಂಡಾಗ ಅವರನ್ನು ಕೂರಿಸಿ, ಪ್ಲೇಆಫ್‌ನ ಮೊದಲ ಎರಡು ಪಂದ್ಯಗಳನ್ನು ಎರಡನೆಯ ಗೋಲ್‌ಕೀಪರ್ ಫಿಲಿಪ್ ಗ್ರೂಬಾವರ್ ಅವರೊಂದಿಗೆ ಆರಂಭಿಸಿತು. ಎರಡನ್ನೂ ಹೆಚ್ಚುವರಿ ಅವಧಿಯಲ್ಲಿ ಸೋತರೂ, ಆ ಬಳಿಕ ಹೋಲ್ಟ್‌ಬಿ ಮರಳಿ ನಿಂತು ಕಪ್ ಗೆದ್ದರು.

ಪ್ಲೇಆಫ್ ಸ್ಥಾನ ಖಚಿತವಾದ ಮೇಲೆ ಏಪ್ರಿಲ್‌ನಲ್ಲಿ ಕೊಡುವ ಎರಡು ದಿನದ ರಜೆ ತೀರಾ ತಡವಾದ ಉಪಕಾರ. ಜನವರಿಯಿಂದಲೇ ಎರಡನೆಯವರನ್ನು ದುರ್ಬಲ ತಂಡಗಳೆದುರು ಮಾತ್ರವಲ್ಲದೆ ಬಲಿಷ್ಠರೆದುರೂ ಆಡಿಸಬೇಕು. ಅದರಿಂದ ಒಂದೆರಡು ಅಂಕ ಕೈಬಿಟ್ಟರೂ ತರಬೇತುದಾರರು ಅಳುಕಬಾರದು, ನಾವು ಅಭಿಮಾನಿಗಳೂ ಅವರನ್ನು ದೂರಬಾರದು.

— ಓದುಗ, ವಿನ್ನಿಪೆಗ್, ಕೆನಡಾ