ಸಂಘದ ರಸೀದಿ

ಶಿರಸಿ

ತಮ್ಮಾ, ಆಶೀರ್ವಾದಗಳು.

ದೀಪಾವಳಿಗೆ ಅಂಗಡಿ ಪೂಜೆಯ ದಿನ ನೀನು ಕೇಳಿದೆಯಲ್ಲ, "ಮಾವಾ, ವ್ಯಾಪಾರಿ ಸಂಘಕ್ಕೆ ಸುಮ್ನೆ ಯಾಕೆ ವಂತಿಗೆ? ವರ್ಷಕ್ಕೊಮ್ಮೆ ಶಾಲು ಹೊದೆಸಿ ಊಟ ಹಾಕ್ತಾರೆ, ಅಷ್ಟೇ ಅಲ್ವಾ?" ಅಂತ. ಜನರೆದುರು ವಾದ ಬೇಡ ಅಂತ ಸುಮ್ಮನಿದ್ದೆ.

ನೀನು ಹೇಳಿದ್ದು ಸುಳ್ಳಲ್ಲ. ನನಗೇ ಎರಡು ಶಾಲು ಬಂದಿವೆ. ಒಂದರಲ್ಲಿ ಈಗ ತಕ್ಕಡಿ ಒರೆಸುತ್ತೇನೆ.

2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಬಂತು, ಸಾಗಿಸುವ ಮಾಲಿನ ಜತೆ ಇರಬೇಕಾದ ಜಿಎಸ್‌ಟಿ ಕಾಗದ. ಆ ಮಳೆಗಾಲ ಗುಜರಾತಿಗೆ ಹೊರಟ ನನ್ನ ಚಾಲಿ ಅಡಿಕೆ (ಬಿಸಿಲಲ್ಲಿ ಒಣಗಿಸಿ ಸುಲಿದದ್ದು) ಲಾರಿಯನ್ನು ತೆರಿಗೆಯವರು ದಾರಿಯಲ್ಲಿ ತಡೆದರು. ಬಿಲ್ಲಿನಲ್ಲಿ ಲಾರಿ ನಂಬರಿನ ಒಂದು ಅಂಕೆ ತಪ್ಪಿತ್ತು, ಅಷ್ಟೇ. ನಾಲ್ಕು ದಿನ ನಿಲ್ಲಿಸಿದರು. ತಾಡಪಾಲಿನ ಸಂದಿಯಿಂದ ನೀರಿಳಿದು ಮೇಲಿನ ಚೀಲಗಳಿಗೆ ಬೂಸಲು ಬಂತು. ತಿಂಗಳಿಗೂ ಜಾಸ್ತಿ ಬಿಸಿಲು ಕಂಡ ಅಡಿಕೆ ಅದು! ನಾನೊಬ್ಬನೇ ಫೋನ್ ಮಾಡಿದರೆ "ನೋಡೋಣ" ಅಂದರು.

ಸಂಘದಿಂದ ಹೋಗಿ ಮನವಿ ಕೊಟ್ಟೆವು. "ವ್ಯಾಪಾರಸ್ಥರಿಗೆ ತುಂಬಾ ತೊಂದರೆಯಾಗುತ್ತಿದೆ" ಅಂತ ಎರಡು ಪುಟ. ಅಧಿಕಾರಿ ಓದಿ, "ಎಷ್ಟು ಲಾರಿ? ಎಷ್ಟು ದಿನ?" ಅಂದರು. ನಾವು ಮುಖ ಮುಖ ನೋಡಿಕೊಂಡೆವು. ಮುಂದಿನ ಸಲ ನಮ್ಮ ಗುಮಾಸ್ತ ಪಟ್ಟಿ ಬರೆದುಕೊಟ್ಟ. ಒಂಬತ್ತು ಅಂಗಡಿಯ ಲಾರಿಗಳು, ತಡೆದ ದಿನ, ಬಿಟ್ಟ ದಿನ, ಬಿಲ್ಲಿನ ತಪ್ಪು. ಆ ಒಂದು ಹಾಳೆಯ ಮೇಲೆ ತಾಸುಗಟ್ಟಲೆ ಮಾತಾಯಿತು.

ಸೆಪ್ಟೆಂಬರ್ 14ಕ್ಕೆ ಕೇಂದ್ರದ ಸುತ್ತೋಲೆ ಬಂತು. ನಂಬರಿನಲ್ಲಿ ಒಂದೆರಡು ಅಂಕೆ ತಪ್ಪಿದ್ದಕ್ಕೆ ಮಾಲು ಹಿಡಿದಿಡುವ ಕ್ರಮ ಬೇಡ, ಹೊರರಾಜ್ಯದ ಮಾಲಾದರೆ 1000 ರೂಪಾಯಿ ದಂಡ ಸಾಕು ಅಂತ. ನಮ್ಮ ಹಾಳೆಯಿಂದಲೇ ಆಯಿತು ಅಂತ ಜಂಬ ಕೊಚ್ಚುವುದಿಲ್ಲ. ಮನವಿಗಳು ಬೇರೆ ಕಡೆಯಿಂದಲೂ ಹೋಗಿದ್ದವು. ಆದರೆ ಬೂಸಲು ಹಿಡಿದ ಚೀಲ ಕಂಡವರು ಬರೆಯದೆ ಇನ್ಯಾರು ಬರೆಯಬೇಕು?

ಹಾಗಂತ ಸಂಘ ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. 2023ರ ಫೆಬ್ರವರಿಯಲ್ಲಿ ಅಡಿಕೆಯ ಕನಿಷ್ಠ ಆಮದು ಬೆಲೆ, ಅಂದರೆ ಹೊರದೇಶದ ಅಡಿಕೆಯನ್ನು ಇದಕ್ಕಿಂತ ಅಗ್ಗಕ್ಕೆ ತರಿಸುವಂತಿಲ್ಲ ಅನ್ನುವ ಬೆಲೆ, ಕಿಲೋಗೆ 251ರಿಂದ 351 ರೂಪಾಯಿಗೆ ಏರಿತು. ಬೆಳೆಗಾರರು ಖುಷಿಪಟ್ಟರು, ನಮ್ಮಲ್ಲಿ ಒಂದಿಬ್ಬರ ಮುಖ ಮಾತ್ರ ಸಪ್ಪಗಾಗಿತ್ತು. ಯಾಕೆ ಅಂತ ಕೇಳಬೇಡ.

ಇನ್ನೊಂದು. ಸಭೆ ಮುಗಿದು ಚಾ ಕುಡಿಯುವಾಗ ಯಾರಾದರೂ "ನಾಳೆ ಅಡಿಕೆ ರಾಶಿಯ ಟೆಂಡರಿನಲ್ಲಿ ಇಷ್ಟರ ಮೇಲೆ ರೇಟು ಬರೆಯೋದು ಬೇಡ" ಅಂದರೆ, ಲೋಟ ಇಟ್ಟು ಎದ್ದು ಬಾ. 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ಅದು ತಪ್ಪು, ಸಂಘಕ್ಕೂ ದಂಡ ಬೀಳಬಹುದು. ಕಾಯ್ದೆ ಹಾಗಿರಲಿ, ಆ ರಾಶಿ ನಿನ್ನ ಅಪ್ಪಯ್ಯನದೇ ಇರಬಹುದು.

ಬುಧವಾರ ಸಂಜೆ ಸಭೆ ಇದೆ. ರಸೀದಿ ಹರಿಸಿಕೋ. ಬರುವಾಗ ಮೊನ್ನೆ ನಿನ್ನ ಲಾರಿ ನಿಲ್ಲಿಸಿದ ಕಾಗದ ತಾ, ಎರಡು ಜೆರಾಕ್ಸ್ ಇರಲಿ.

ಇಂತಿ ನಿನ್ನ
ಮಾವ