ವಾಲ್ವ್ ರೇಡಿಯೊವನ್ನು ಗಿಟಾರ್ ಆಂಪ್ಲಿಫೈಯರ್ ಮಾಡುವವರ ಗಮನಕ್ಕೆ

ಸದಸ್ಯರೇ, ಮೊದಲು ಸೆಟ್ಟಿನಲ್ಲಿ ಪವರ್ ಟ್ರಾನ್ಸ್‌ಫಾರ್ಮರ್ ಇದೆಯೇ ನೋಡಿ. ಅದಿಲ್ಲದ ಎಸಿ/ಡಿಸಿ ಸೆಟ್ಟುಗಳಲ್ಲಿ ಚಾಸಿಗೇ (ಒಳಗಿನ ಲೋಹದ ಚೌಕಟ್ಟಿಗೇ) ಮೇನ್ಸ್ ಕರೆಂಟ್ ಬರಬಹುದು. ಗಿಟಾರ್ ತಂತಿ ಮುಟ್ಟಿದವರ ಜೀವ ಹೋದೀತು. ಅಂಥದ್ದನ್ನು ದಯವಿಟ್ಟು ಬಿಟ್ಟುಬಿಡಿ.

ಟ್ರಾನ್ಸ್‌ಫಾರ್ಮರ್ ಇದ್ದರೆ ಮೂರು ತಂತಿಯ ಕೇಬಲ್ ಹಾಕಿ: ಅರ್ಥ್ ಚಾಸಿಗೆ, ಫೇಸ್‌ನಲ್ಲಿ ಫ್ಯೂಸ್. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ 250 ವೋಲ್ಟ್ ಆಸುಪಾಸು ಉಳಿದಿರಬಹುದು. 10 ಕಿಲೊಓಮ್, 5 ವ್ಯಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡಿ, ಮೀಟರಿನಲ್ಲಿ ಅಳೆದ ನಂತರವೇ ಕೈ ಹಾಕಿ.

ಎಲೆಕ್ಟ್ರೊಲಿಟಿಕ್‌ಗಳ (ಆ ಫಿಲ್ಟರ್ ಕೆಪಾಸಿಟರ್‌ಗಳ) ಜೊತೆ ಔಟ್‌ಪುಟ್ ವಾಲ್ವಿನ ಗ್ರಿಡ್‌ಗೆ (ಸಿಗ್ನಲ್ ಒಳಬರುವ ಪಿನ್ನಿಗೆ) ಹೋಗುವ ಪೇಪರ್ ಕೆಪಾಸಿಟರನ್ನೂ ಬದಲಿಸಿ: 0.022 ಮೈಕ್ರೊಫ್ಯಾರಡ್, 630 ವೋಲ್ಟ್. ಬಹಳ ಜನ ಇದನ್ನೇ ಮರೆಯುವುದು. ಹಳೆಯದು ಲೀಕ್ ಆದರೆ ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ಕೆಂಪಗೆ ಕಾಯುತ್ತದೆ, ಔಟ್‌ಪುಟ್ ಟ್ರಾನ್ಸ್‌ಫಾರ್ಮರೂ ಸುಟ್ಟುಹೋಗಬಹುದು.

ವಾಲ್ಯೂಮ್ ಕಂಟ್ರೋಲ್‌ಗೇ ನೇರವಾಗಿ ಗಿಟಾರ್ ಕೊಟ್ಟರೆ ಸದ್ದು ಸಾಲದು. ಸ್ಟೇಷನ್ ಹಿಡಿಯುವ ಆರ್‌ಎಫ್, ಐಎಫ್ ವಾಲ್ವ್‌ಗಳನ್ನು ತೆಗೆದು, ಒಂದರ ಒಂಬತ್ತು ಪಿನ್ನಿನ ಸಾಕೆಟ್ಟಿಗೆ ಹೊಸದಾಗಿ ವೈರಿಂಗ್ ಮಾಡಿ ಇಸಿಸಿ83 (ಸದ್ದು ಹಿಗ್ಗಿಸುವ ವಾಲ್ವ್) ಕೂರಿಸಿ. ಜ್ಯಾಕ್‌ನಿಂದ ಅರ್ಥ್‌ಗೆ 1 ಮೆಗಾಓಮ್, ಗ್ರಿಡ್‌ಗೆ 68 ಕಿಲೊಓಮ್, ಹೈ ವೋಲ್ಟೇಜ್ ಸಪ್ಲೈಯಿಂದ ಪ್ಲೇಟ್‌ಗೆ 100 ಕಿಲೊಓಮ್, ಕ್ಯಾಥೋಡ್‌ನಿಂದ ಅರ್ಥ್‌ಗೆ 1.5 ಕಿಲೊಓಮ್, ಅದಕ್ಕೆ ಸಮಾಂತರವಾಗಿ 25 ಮೈಕ್ರೊಫ್ಯಾರಡ್. ಪ್ಲೇಟ್‌ನಿಂದ ಇನ್ನೊಂದು 0.022 ಮೈಕ್ರೊಫ್ಯಾರಡ್ ಕೆಪಾಸಿಟರ್ ಮೂಲಕ ವಾಲ್ಯೂಮ್‌ಗೆ. ಹೀಟರ್ 6.3 ವೋಲ್ಟ್ ಇದ್ದರೆ 4, 5ನೇ ಪಿನ್ ಸೇರಿಸಿ ಒಂದು ತುದಿ, 9ನೆಯದು ಇನ್ನೊಂದು. ಜ್ಯಾಕ್ ವೈರ್ ಶೀಲ್ಡ್ ಆಗಿರಲಿ, ಇಲ್ಲದಿದ್ದರೆ ಹಮ್ (ಗುಂಯ್ ಸದ್ದು) ಬರುತ್ತದೆ.

ಸ್ಪೀಕರ್ ಜೋಡಿಸದೆ ಎಂದೂ ಆನ್ ಮಾಡಬೇಡಿ.