ಚುಕ್ಕೆ ಉಳಿಯದ ಬಿಲ್ಲೆ

ಕಳೆದ ಗುರುವಾರ ರಾತ್ರಿ ಮಾಚೇನಹಳ್ಳಿಯ ನಮ್ಮ ಶೆಡ್ಡಿನಲ್ಲಿ ಅಂಗೈಗಿಂತ ಚಿಕ್ಕ ಬಿಲ್ಲೆಯೊಂದಕ್ಕೆ ಕೆಂಪು ಶಾಯಿ ಸವರಿ ಒರೆಸಿದೆವು. ಸೂಜಿಮೊನೆಯಷ್ಟು ತೂತಿದ್ದರೂ ಶಾಯಿ ಇಂಗಿ ಚುಕ್ಕೆ ಉಳಿಯುತ್ತದೆ. ಒಂದೂ ಉಳಿಯಲಿಲ್ಲ. ಎರಡು ಮಳೆಗಾಲ ಹಿಡಿಯಿತು ಇದಕ್ಕೆ.

'ಅದೇನು ಸುಡ್ತೀಯೋ' ಅಂತ ಕೇಳಿದವರಿಗೆಲ್ಲ ಸುಮ್ನೆ ನಕ್ಕಿದ್ದೆ. ಈಗ ಹೇಳುತ್ತೇನೆ. ಬೇರಿಯಂ, ಜಿರ್ಕೋನಿಯಂ, ಸೀರಿಯಂ, ಇಟ್ರಿಯಂ ಸೇರಿದ ಸೆರಾಮಿಕ್ ಪೊರೆ ಇದು. 600 ಡಿಗ್ರಿಯ ಆಸುಪಾಸಿನಲ್ಲಿ ಹೈಡ್ರೋಜನ್ ಪ್ರೋಟಾನ್ ಆಗಿ ಇದರೊಳಗೆ ನುಸುಳುತ್ತದೆ, ಬೇರೆ ಅನಿಲಗಳು ಈಚೆಯೇ ಉಳಿಯುತ್ತವೆ. ಹೈಡ್ರೋಜನ್ ಸೋಸಲಿಕ್ಕೂ ಆಯಿತು, ಅದರಿಂದ ಕರೆಂಟ್ ತೆಗೆಯುವ ಫ್ಯೂಯೆಲ್ ಸೆಲ್‌ಗೂ ಆಯಿತು. ತೆಳುವಾದಷ್ಟೂ ಒಳ್ಳೆಯದು. ನಮ್ಮದು 20 ಮೈಕ್ರಾನ್, ತಲೆಕೂದಲಿಗಿಂತ ತೆಳು. ಕೆಳಗೆ ಆಸರೆಗೆ ನಿಕಲ್ ಬೆರೆಸಿದ ದಪ್ಪ ಪದರ.

ಪುಡಿಯನ್ನು ಆಲ್ಕೋಹಾಲ್, ಅಂಟಿನ ಜೊತೆ ಹಿಟ್ಟಿನ ಹದಕ್ಕೆ ಕಲಸಿ, ಹಾಳೆಯ ಮೇಲೆ ಬ್ಲೇಡಿನಿಂದ ಎಳೆಯುತ್ತೇವೆ. ಜುಲೈಯಲ್ಲಿ ಎಳೆದದ್ದೆಲ್ಲ ಹಾಳು. ಆಲ್ಕೋಹಾಲ್ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ನಮ್ಮ ಜಡಿಮಳೆಯ ತೇವ ಬಂದು ಅಲ್ಲೇ ಕೂರುತ್ತದೆ. ಬೇಗ ಒಣಗಲಿ ಅಂತ ಫ್ಯಾನ್ ಹಾಕಿದೆ. ಜಾಸ್ತಿ ಓದಿದವನ ಬುದ್ಧಿ! ಅಂಚೆಲ್ಲ ಮುದುರಿ ಬಿರುಕು ಬಿಟ್ಟಿತು.

ಸಾಗರದ ದೊಡ್ಡಮ್ಮ ಒಮ್ಮೆ ಬಂದವರು ಇದನ್ನು ನೋಡಿದರು. ಮಗುಚಿಟ್ಟ ಮಡಕೆಯ ಮೇಲೆ ಬಟ್ಟೆಯಲ್ಲಿ ಹಿಟ್ಟು ಸವರಿ, ಕಾಗದದಂಥ ತೊಡದೇವು ಎಬ್ಬಿಸುವ ಕೈ ಅವರದು. 'ಮೇಲೆ ಒಣಗಿ ಒಳಗೆ ಹಸಿ ಇದ್ರೆ ಹಪ್ಪಳಾನೂ ಮುದುರತ್ತೆ. ಮುಚ್ಚಿಡೋ ಮಾರಾಯ' ಅಂದರು. ಮುಚ್ಚಿಟ್ಟೆವು. ಗಾಳಿಯ ತೇವ ಹೀರುವ ಯಂತ್ರಕ್ಕೆ ಹೆಂಡತಿ ತನ್ನ ಚೀಟಿ ದುಡ್ಡು ಕೊಟ್ಟಳು. ದೊಡ್ಡಮ್ಮನಿಗೂ ಅವಳಿಗೂ ಮೊದಲ ನಮಸ್ಕಾರ.

ಆಮೇಲೆ ಒಲೆಯ ಕಾಟ. 1450 ಡಿಗ್ರಿಯಲ್ಲಿ ಬಿಲ್ಲೆ ಉದ್ದದಲ್ಲಿ ಸುಮಾರು ಐದರಲ್ಲೊಂದು ಪಾಲು ಕುಗ್ಗುತ್ತದೆ. ಎರಡು ಪದರಗಳು ಒಂದೇ ಸಮ ಕುಗ್ಗದಿದ್ದರೆ ದೊನ್ನೆಯಂತೆ ಬಾಗುತ್ತದೆ. ಹದ ಸಿಕ್ಕಿತು ಅನ್ನುವಷ್ಟರಲ್ಲಿ ನಡುರಾತ್ರಿ ಕರೆಂಟ್ ಹೋಗಿ ಇಡೀ ಒಬ್ಬೆ ಸೀಳಿತು. ಅವತ್ತು ಶೆಡ್ಡಿಗೆ ಬೀಗ ಹಾಕಿ ಮನೆಗೆ ಹೋದೆ, ಒಂಬತ್ತು ದಿನ ಆ ಕಡೆ ತಲೆ ಹಾಕಲಿಲ್ಲ. ಪಕ್ಕದ ಫೌಂಡ್ರಿಯವರೇ ಬಂದು ತಮ್ಮ ಜನರೇಟರಿನಿಂದ ಲೈನ್ ಎಳೆದು ಕೊಟ್ಟರು. ಡೀಸೆಲ್ ದುಡ್ಡು ಕೇಳಿದರೆ ಇವತ್ತಿಗೂ ಮಾತು ತಪ್ಪಿಸುತ್ತಾರೆ. ಅಲ್ಲಿನ ರಾತ್ರಿ ಕಾವಲುಗಾರರು ನಾನು ನಿದ್ದೆಗೆ ಜಾರಿದಾಗಲೆಲ್ಲ ಮೀಟರ್ ನೋಡಿ ಎಬ್ಬಿಸಿದ್ದಾರೆ. ನಿಮ್ಮ ಋಣ ದೊಡ್ಡದು.

ದೊಡ್ಡಮ್ಮನಿಗೆ ಒಂದು ಬಿಲ್ಲೆ ಕಳಿಸಿದ್ದೆ. ಬೆಳಕಿಗೆ ಹಿಡಿದು ನೋಡಿ, 'ದಪ್ಪ ಆಯ್ತು' ಅಂದರಂತೆ.